ಇಂಗ್ಲಿಷ್ ಕಲಿಯುವ ನಮ್ಮ ಮಕ್ಕಳು ಮತ್ತು ವ್ಯಾಕರಣದ ಹೆಸರುಗಳು

ವ್ಯಾಕರಣವೆಂದರೆ ಮಾರು ದೂರ ಓಡುವವರೇ ನಮ್ಮಲ್ಲಿ ಹೆಚ್ಚು. ನಾನೂ ಆ ಗುಂಪಿಗೆ ಸೇರಿದವನೇ. ಧಾರವಾಡದಲ್ಲಿ ಬಿ.ಎ. ಮುಗಿಸಿ, ಸರಕಾರಿ ಪರೀಕ್ಷೆಗೆ ಕುಳಿತು, ಕಾರಕೂನನ ಕೆಲಸ ಹಿಡಿದು, ಮೊದಲು ಸೂರತ್ತು, ಆಮೇಲೆ ಅಹಮದಾಬಾದು, ಈಗ ವಡೋದರಾ ಎಂದು ಊರೂರು ಅಲೆದವನಿಗೆ ವ್ಯಾಕರಣದ ಉಸಾಬರಿ ಏಕೆಂದು ವಾಚಕರು ಕೇಳಬಹುದು. ಕೇಳುವುದು ನ್ಯಾಯವೇ. ಆದರೆ ಒಂದು ಪುಟ್ಟ ಇಂಗ್ಲಿಷ್ ಶಬ್ದವು ನನ್ನ ಕೈಯಿಂದ ಒಬ್ಬ ವೃದ್ಧೆಗೆ ಮೂರು ತಿಂಗಳ ತೊಂದರೆ ಮಾಡಿಸಿತು. ಅದೇ ಶಬ್ದ ಮೊನ್ನೆ ನನ್ನ ಮಗಳ ನೋಟುಬುಕ್ಕಿನಲ್ಲಿ ಮತ್ತೆ ಕಣ್ಣಿಗೆ ಬಿತ್ತು. ಈ ಲೇಖನಕ್ಕೆ ಕಾರಣ ಅಷ್ಟೇ.

ಮೊದಲು ಹಳೆಯ ಸಂಗತಿಯನ್ನೇ ಹೇಳುತ್ತೇನೆ. ನಾನು ಹೊಸದಾಗಿ ಕೆಲಸಕ್ಕೆ ಸೇರಿದ ದಿನಗಳವು. ತೀರಿಹೋದ ನೌಕರರೊಬ್ಬರ ಹೆಂಡತಿಯ ಕುಟುಂಬ ಪಿಂಚಣಿಯ ಕಡತ ನನ್ನ ಮೇಜಿಗೆ ಬಂದಿತ್ತು. ಟಿಪ್ಪಣಿ ಬರೆಯುವಾಗ ನಾನು, ಆ ನೌಕರರು ‘ಎಕ್ಸ್‌ಪೈರ್ಡ್ ಬಿಫೋರ್ ಟೂ ಇಯರ್ಸ್’ ಎಂದು ಬರೆದೆ. ಎರಡು ವರ್ಷದ ಮೊದಲು ತೀರಿಕೊಂಡರು ಎಂಬುದು ನನ್ನ ಮನಸ್ಸಿನಲ್ಲಿದ್ದ ಮಾತು. ಕಡತ ಮೇಲಿನ ಕಚೇರಿಗೆ ಹೋಯಿತು. ಒಂದು ತಿಂಗಳಾದ ಮೇಲೆ ಆಕ್ಷೇಪಣೆಯೊಡನೆ ತಿರುಗಿ ಬಂದಿತು. ಎರಡು ವರ್ಷ ತುಂಬುವ ಮೊದಲು ಎಂದರೆ ಯಾವುದರ ಎರಡು ವರ್ಷ? ಸೇವೆಯದೋ, ನಿವೃತ್ತಿಯದೋ? ಲಗತ್ತಿಸಿದ ಮರಣಪತ್ರದ ತಾರೀಖಿಗೂ ಟಿಪ್ಪಣಿಗೂ ಹೊಂದಿಕೆ ಕಾಣುವುದಿಲ್ಲ, ಸ್ಪಷ್ಟಪಡಿಸಬೇಕು, ಎಂದು ಅದರಲ್ಲಿ ಬರೆದಿತ್ತು. ನಾನು ಸ್ಪಷ್ಟಪಡಿಸಿದೆ. ಅದು ಮತ್ತೆ ಸಾಲಿನಲ್ಲಿ ನಿಂತು, ಮತ್ತೆ ಮೇಲೆ ಹೋಗಿ, ಮಂಜೂರಾಗಿ ಬರುವಷ್ಟರಲ್ಲಿ ಮೂರು ತಿಂಗಳು ಸರಿದಿದ್ದವು. ಆ ತಾಯಿ ನಾಲ್ಕು ಸಲ ಕಚೇರಿಯ ಮೆಟ್ಟಿಲು ಹತ್ತಿದರು. ಪ್ರತಿ ಸಲವೂ, “ಭಾಯಿ, ಹಜು ಕೇಟಲಾ ದಿವಸ?” ಎಂದು ಕೇಳಿ, ಬೆಂಚಿನ ಮೇಲೆ ಸ್ವಲ್ಪ ಹೊತ್ತು ಕುಳಿತು, ಹೋಗುತ್ತಿದ್ದರು. ತಪ್ಪು ನನ್ನ ಇಂಗ್ಲಿಷಿನದೆಂದು ಅವರಿಗೆ ಹೇಳುವ ಧೈರ್ಯ ನನಗೆ ಆಗಲಿಲ್ಲ.

‘ಬಿಫೋರ್’ ಎಂದು ಬರೆಯುವ ಜಾಗದಲ್ಲಿ ‘ಟೂ ಇಯರ್ಸ್ ಅಗೋ’ ಎಂದು ಬರೆದಿದ್ದರೆ ಈ ರಗಳೆ ಇರುತ್ತಿರಲಿಲ್ಲ. ಈಗ ಮಗಳ ವಿಷಯ. ಅವಳು ಇಲ್ಲಿಯೇ ಇಂಗ್ಲಿಷ್ ಮಾಧ್ಯಮದ ಶಾಲೆಯಲ್ಲಿ ಏಳನೆಯ ಇಯತ್ತೆ ಓದುತ್ತಿದ್ದಾಳೆ. ಇಲ್ಲಿಯವರು ಇಯತ್ತೆಗೆ ‘ಧೋರಣ’ ಎನ್ನುತ್ತಾರೆ. ನಮ್ಮಲ್ಲಿ ಧೋರಣೆಯೆಂದರೆ ಬೇರೆಯೇ ಅರ್ಥ. ‘ಯಾವ ಧೋರಣ?’ ಎಂದು ಮೊದಲ ಸಲ ನೆರೆಯವರು ಮಗಳ ಬಗ್ಗೆ ಕೇಳಿದಾಗ ನನ್ನ ಮನೆಯಾಕೆ ಸಿಟ್ಟಾದದ್ದೂ ಉಂಟು! ಇರಲಿ. ಮಗಳು ಪ್ರವಾಸದ ಪ್ರಬಂಧ ಬರೆಯುತ್ತ, ‘ಬಿಫೋರ್ ಟೂ ಇಯರ್ಸ್’ ತಾವು ಸೋಮನಾಥಕ್ಕೆ ಹೋಗಿದ್ದೆವು ಎಂದು ಬರೆದಿದ್ದಳು. ಶಿಕ್ಷಕಿ ಕೆಂಪು ಶಾಯಿಯಲ್ಲಿ ಗೆರೆ ಎಳೆದು, ಬದಿಯಲ್ಲಿ ‘ಪ್ರಿಪೊಸಿಷನ್’ ಎಂದು ಒಂದೇ ಮಾತು ಬರೆದಿದ್ದರು.

“ಅಪ್ಪಾ, ಪ್ರಿಪೊಸಿಷನ್ನಿಗೆ ಕನ್ನಡದಾಗ ಏನಂತಾರ?” ಎಂದು ಮಗಳು ಕೇಳಿದಳು. ನಾನು ತಡವರಿಸಿದೆ. ಕೆಲವು ಪುಸ್ತಕಗಳಲ್ಲಿ ‘ಉಪಸರ್ಗ’ ಎಂದು ಓದಿದ ನೆನಪು. ಆದರೆ ಸಂಸ್ಕೃತದಲ್ಲಿ ಉಪಸರ್ಗವೆಂದರೆ ಪ್ರ, ಪರಾ, ಸಮ್ ಮೊದಲಾದ ಇಪ್ಪತ್ತೆರಡು. ಅವು ಧಾತುವಿನ ಹಿಂದೆ ಅಂಟಿಕೊಂಡು ಅರ್ಥ ಬದಲಿಸುವಂಥವು. ಹಾರದಿಂದ ಪ್ರಹಾರ, ಆಹಾರ, ವಿಹಾರ ಆಗುವಂತೆ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಗುಜರಾತಿ ವ್ಯಾಕರಣದಲ್ಲಿ ಇದರ ಹತ್ತಿರದ ಶಬ್ದ ‘ನಾಮಯೋಗಿ’. ನಾಮದ ಜೊತೆಗೆ ಕೂಡುವುದು ಎಂಬ ಅರ್ಥ. ಅದನ್ನು ಹೇಳಿದರೆ ಮಗಳು, “ಯೋಗಿ ಅಂದ್ರ ಸಾಧು ಅಲ್ಲೇನು?” ಎಂದು ನಕ್ಕಳು.

ಅಷ್ಟರಲ್ಲಿ ಒಳಗೆ ಅಕ್ಕಿ ಆರಿಸುತ್ತ ಕುಳಿತಿದ್ದ ನಮ್ಮ ಅವ್ವ ಕೂಗಿ ಹೇಳಿದರು: “ಅದಕ್ಯಾಕ ಇಷ್ಟು ತಲಿ ಕೆಡಿಸ್ಕೋತೀರಿ? ಇನ್, ಟೂ, ಫ್ರಾಮ್ ಅಂದ್ರ ನಮ್ಮ ವಿಭಕ್ತಿ ಪ್ರತ್ಯಯ ಅಲ್ಲೇನು? ಉ, ಅನ್ನು, ಇಂದ, ಗೆ, ದೆಸೆಯಿಂದ, ಅ, ಅಲ್ಲಿ!”

ಅವ್ವ ಓದಿದ್ದು ಏಳನೆಯ ಇಯತ್ತೆಯವರೆಗೆ. ಇಂಗ್ಲಿಷು ಬಸ್ಸಿನ ಬೋರ್ಡು ಓದುವಷ್ಟು. ಆದರೂ ನಾನು ಬಿ.ಎ. ಓದಿ ಕಾಣದ್ದನ್ನು ಅವರು ಒಂದು ಮಾತಿನಲ್ಲಿ ತೋರಿಸಿಕೊಟ್ಟರು. ಅಂದಿನಿಂದ ನಮ್ಮ ಮನೆಯಲ್ಲಿ ಪ್ರಿಪೊಸಿಷನ್ನಿಗೆ ‘ಮುಂದೆ ನಿಲ್ಲುವ ವಿಭಕ್ತಿ’ ಎಂದೇ ಹೆಸರು. ಅದರ ಲ್ಯಾಟಿನ್ ಮೂಲದ ಅರ್ಥವೂ ಮುಂದಿಟ್ಟದ್ದು ಎಂದೇ. ನಮ್ಮ ಪ್ರತ್ಯಯ ನಾಮಪದದ ಬೆನ್ನಿಗೆ ಅಂಟುತ್ತದೆ. ಇಂಗ್ಲಿಷಿನದು ನಾಮಪದದ ಮುಂದೆ ಪ್ರತ್ಯೇಕವಾಗಿ ನಿಲ್ಲುತ್ತದೆ. ಭೇದ ಇಷ್ಟೇ.

ಒಂದು ‘ಇಂದ’, ಆರು ಇಂಗ್ಲಿಷು

ಭೇದ ಇಷ್ಟೇ ಎಂದೆನಾದರೂ ತೊಡಕು ಇಲ್ಲಿಂದಲೇ ಸುರುವಾಗುತ್ತದೆ. ನಮ್ಮ ಪ್ರತ್ಯಯಗಳು ಏಳು. ಅವುಗಳಲ್ಲಿಯೂ ಐದನೆಯ ‘ದೆಸೆಯಿಂದ’ ಎಂಬುದು ಶಾಲೆಯ ಪಾಠದಲ್ಲಿ ಮಾತ್ರ. ಆಡುಮಾತಿನಲ್ಲಿ ಅದರ ಕೆಲಸವನ್ನೂ ‘ಇಂದ’ವೇ ಮಾಡುತ್ತದೆ. ಇಂಗ್ಲಿಷಿನಲ್ಲಿ ಮುಂದೆ ನಿಲ್ಲುವ ಶಬ್ದಗಳು ಹತ್ತಾರು. ಆದುದರಿಂದ ನಮ್ಮ ಒಂದು ಪ್ರತ್ಯಯಕ್ಕೆ ಅವರಲ್ಲಿ ಹಲವು ಶಬ್ದಗಳು ಪಾಲಿಗೆ ಬರುತ್ತವೆ.

ಸೂರತ್ತಿನಿಂದ ಬಂದೆ ಎಂದರೆ ‘ಫ್ರಾಮ್’. ಚಾಕುವಿನಿಂದ ಕೊಯ್ದೆ ಎಂದರೆ ‘ವಿತ್’. ವಾಲ್ಮೀಕಿಯಿಂದ ರಚಿತವಾಯಿತು ಎಂದರೆ ‘ಬೈ’. ಚಿನ್ನದಿಂದ ಮಾಡಿದ್ದು ಎಂದರೆ ‘ಆಫ್’. ಸೋಮವಾರದಿಂದ ಜ್ವರ ಎಂದರೆ ‘ಸಿನ್ಸ್’. ಎರಡು ದಿನದಿಂದ ಜ್ವರ ಎಂದರೆ ‘ಫಾರ್’. ಕೊನೆಯ ಎರಡರಲ್ಲಿಯೇ ನಮ್ಮ ಮಕ್ಕಳು ಬಹಳವಾಗಿ ಎಡವುತ್ತಾರೆ. ಕನ್ನಡದಲ್ಲಿ ಎರಡಕ್ಕೂ ‘ಇಂದ’, ಗುಜರಾತಿಯಲ್ಲಿ ಎರಡಕ್ಕೂ ‘ಥೀ’. ಹೀಗಾಗಿ ಹುಡುಗರು ‘ಸಿನ್ಸ್ ಟೂ ಡೇಸ್’ ಎಂದು ಬರೆಯುತ್ತಾರೆ. ಮಕ್ಕಳಿಗೆ ಹೇಳಬೇಕಾದ ಸೂತ್ರ ಸುಲಭ: ಯಾವಾಗ ಸುರುವಾಯಿತೆಂಬುದನ್ನು ಹೇಳಿದರೆ ‘ಸಿನ್ಸ್’, ಎಷ್ಟು ಕಾಲ ನಡೆಯಿತೆಂಬುದನ್ನು ಹೇಳಿದರೆ ‘ಫಾರ್’.

‘ಅಲ್ಲಿ’ಯ ಕಥೆಯೂ ಹೀಗೆಯೇ. ಪೆಟ್ಟಿಗೆಯಲ್ಲಿ ಎಂದರೆ ‘ಇನ್’, ಸ್ಟೇಶನ್ನಿನಲ್ಲಿ ಕಾಯುತ್ತಿದ್ದೇನೆ ಎಂದರೆ ‘ಅಟ್’, ರಜೆಯಲ್ಲಿದ್ದೇನೆ ಎಂದರೆ ‘ಆನ್’.

ಇನ್ನು ನನ್ನನ್ನು ಕಾಡಿದ ಆ ‘ಬಿಫೋರ್’. ನಾವು ಎರಡು ವರ್ಷದ ಹಿಂದೆ ಎಂದೂ ಹೇಳುತ್ತೇವೆ, ಮೊದಲು ಎಂದೂ ಹೇಳುತ್ತೇವೆ. ಗುಜರಾತಿಯವರು ‘ಬೇ ವರಸ ಪಹೇಲಾಂ’ ಎನ್ನುತ್ತಾರೆ. ‘ಮೊದಲು’ ಮತ್ತು ‘ಪಹೇಲಾಂ’ ಎರಡೂ ನಮ್ಮನ್ನು ನೇರವಾಗಿ ‘ಬಿಫೋರ್’ ಎಂಬ ಗುಂಡಿಗೆ ಕೆಡವುತ್ತವೆ. ಅದನ್ನು ತಪ್ಪಿಸುವ ಶಬ್ದ ‘ಅಗೋ’. ವಿಚಿತ್ರವೆಂದರೆ ಅದು ಇಂಗ್ಲಿಷಿನ ರೂಢಿ ಬಿಟ್ಟು ನಮ್ಮ ಹಿಂದೆ, ಮೊದಲು ಎಂಬವುಗಳ ಹಾಗೆ ನಾಮಪದ ಆದ ಮೇಲೆ ನಿಲ್ಲುತ್ತದೆ. ಹಳೆಯ ಇಂಗ್ಲಿಷಿನಲ್ಲಿ ಅದರ ಅರ್ಥ ಕಳೆದುಹೋದದ್ದು ಎಂದು. ಅಂದರೆ, ಎರಡು ವರ್ಷ ಕಳೆದವು ಎಂಬುದೇ ಆ ಮಾತಿನ ಹುರುಳು. ಇಷ್ಟನ್ನು ಹೇಳಿದ ಮೇಲೆ ಮಗಳು ಆ ತಪ್ಪು ಮತ್ತೆ ಮಾಡಿಲ್ಲ. ನನಗೆ ಇದನ್ನು ಯಾರಾದರೂ ಹದಿನೈದು ವರ್ಷದ ಹಿಂದೆ ಹೇಳಿದ್ದರೆ!

ಎಂಟು ಭಾಗ ಎಲ್ಲಿಂದ ಬಂದವು?

ಇಂಗ್ಲಿಷ್ ವ್ಯಾಕರಣದ ಮೊದಲ ಪಾಠವೇ ಎಂಟು ಪದಭಾಗಗಳದು. ನೌನ್ ಎಂದರೆ ನಾಮಪದ, ಪ್ರೊನೌನ್ ಎಂದರೆ ಸರ್ವನಾಮ, ಆ್ಯಡ್ಜೆಕ್ಟಿವ್ ಎಂದರೆ ನಾಮವಿಶೇಷಣ, ವರ್ಬ್ ಎಂದರೆ ಕ್ರಿಯಾಪದ, ಆ್ಯಡ್ವರ್ಬ್ ಎಂದರೆ ಕ್ರಿಯಾವಿಶೇಷಣ, ಕಂಜಂಕ್ಷನ್ ಎಂದರೆ ಸಂಬಂಧಸೂಚಕ ಅವ್ಯಯ, ಇಂಟರ್ಜೆಕ್ಷನ್ ಎಂದರೆ ಭಾವಸೂಚಕ ಅವ್ಯಯ. ಎಂಟನೆಯದು ನಮ್ಮ ಅವ್ವನ ವಿಭಕ್ತಿ. ಇವುಗಳಲ್ಲಿ ಸರ್ವನಾಮ, ವಿಶೇಷಣ, ಕ್ರಿಯಾಪದ, ಕ್ರಿಯಾವಿಶೇಷಣ ಎಂಬ ಹೆಸರುಗಳು ಗುಜರಾತಿ ಶಾಲೆಯಲ್ಲಿಯೂ ಇವೇ. ಆದುದರಿಂದ ಮಗುವಿಗೆ ಕನ್ನಡದ ಹೆಸರು ಕಲಿಸಿದರೆ ಭಾರ ಹೆಚ್ಚಾಗುವುದೆಂಬ ಭಯ ಬೇಡ. ಒಂದು ಕಲಿತರೆ ಎರಡಕ್ಕೆ ಆಯಿತು. ಗುಜರಾತಿನ ಶಾಲೆಗಳಲ್ಲಿ ಒಂದರಿಂದ ಎಂಟನೆಯ ಇಯತ್ತೆಯವರೆಗೆ, ಮಾಧ್ಯಮ ಯಾವುದೇ ಇರಲಿ, ಗುಜರಾತಿ ಕಡ್ಡಾಯವೆಂದು ೨೦೨೩ರಲ್ಲಿ ಕಾಯಿದೆಯೇ ಆಗಿದೆಯಷ್ಟೆ.

ಈ ಎಂಟು ಎಂಬ ಲೆಕ್ಕ ದೇವರು ಕೊಟ್ಟದ್ದೇನಲ್ಲ. ಕ್ರಿಸ್ತಪೂರ್ವ ಎರಡನೆಯ ಶತಮಾನದ ಡಯೊನೀಸಿಯಸ್ ಥ್ರಾಕ್ಸ್ ಎಂಬ ಗ್ರೀಕ್ ಪಂಡಿತನ ಹೆಸರಿನಲ್ಲಿ ಬಂದ ವ್ಯಾಕರಣದಲ್ಲಿ ಗ್ರೀಕಿಗೆ ಎಂಟು ಭಾಗಗಳು. ಅದರಲ್ಲಿ ಆರ್ಟಿಕಲ್ ಒಂದು. ಲ್ಯಾಟಿನ್ ಭಾಷೆಗೆ ಆರ್ಟಿಕಲ್ಲೇ ಇಲ್ಲ. ರೋಮಿನವರು ಅದನ್ನು ತೆಗೆದು, ಎಂಟರ ಲೆಕ್ಕ ತಪ್ಪಬಾರದೆಂದು ಭಾವಸೂಚಕವನ್ನು ಸೇರಿಸಿಕೊಂಡರು. ಇಂಗ್ಲಿಷರು ಲ್ಯಾಟಿನ್ನನ್ನು ನೋಡಿ ತಮ್ಮ ವ್ಯಾಕರಣ ಬರೆದರು. ೧೭೯೫ರಲ್ಲಿ ಬಂದು ಬಹುಕಾಲ ಶಾಲೆಗಳಲ್ಲಿ ಆಳಿದ ಲಿಂಡ್ಲೆ ಮರೆಯ ವ್ಯಾಕರಣದಲ್ಲಿ ಆರ್ಟಿಕಲ್ ಮತ್ತೆ ಸೇರಿ ಒಂಬತ್ತಾಗಿದೆ. ನಮ್ಮ ಕೇಶಿರಾಜ ಸುಮಾರು ೧೨೬೦ರಲ್ಲಿ ‘ಶಬ್ದಮಣಿದರ್ಪಣ’ ಬರೆದಾಗ ಪದಗಳನ್ನು ನಾಮ, ಆಖ್ಯಾತ, ಅವ್ಯಯ ಎಂದು ನೋಡಿದ. ಆಖ್ಯಾತವೆಂದರೆ ಕ್ರಿಯಾಪದ. ಎಲ್ಲರೂ ತಮ್ಮ ತಮ್ಮ ಭಾಷೆಗೆ ಅಂಗಿ ಹೊಲಿಯಲು ಹೋದವರೇ. ಕೆಲವರು ನೆರೆಮನೆಯ ಅಳತೆ ತೆಗೆದುಕೊಂಡರು, ಅಷ್ಟೆ.

ಇದರಿಂದ ಮಕ್ಕಳಿಗೆ ಒಂದು ಧೈರ್ಯ ಹೇಳಬಹುದು. ಇಂಗ್ಲಿಷಿನ ಯಾವುದಾದರೂ ಹೆಸರಿಗೆ ಕನ್ನಡದಲ್ಲಿ ಸಮನಾದ ಶಬ್ದ ಸಿಗದಿದ್ದರೆ ಕನ್ನಡ ಬಡವಾಗಿದೆಯೆಂದಲ್ಲ. ಆ ಕೆಲಸವನ್ನು ಕನ್ನಡ ಬೇರೆ ಬಗೆಯಿಂದ ಮಾಡುತ್ತಿದೆ ಎಂದು ಅರ್ಥ.

ಯಾವ ಭಾಷೆ ಎಲ್ಲಿ ಕೈಹಿಡಿಯುತ್ತದೆ?

ನಮ್ಮ ಮಕ್ಕಳಿಗೆ ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಗುಜರಾತಿ, ಶಾಲೆಯಲ್ಲಿ ಇಂಗ್ಲಿಷು, ಟೀವಿಯಲ್ಲಿ ಹಿಂದಿ. ಇಷ್ಟು ಭಾಷೆಗಳು ತಲೆಯಲ್ಲಿ ಕಲಸಿಹೋಗುತ್ತವೆ ಎಂದು ಹೆದರುವ ತಂದೆತಾಯಿಗಳು ಮೊದಲು ಕೈಬಿಡುವುದು ಕನ್ನಡವನ್ನೇ. ಅದು ತಪ್ಪೆಂದು ನನ್ನ ಅನುಭವ. ಒಂದೊಂದು ಭಾಷೆ ಒಂದೊಂದು ಕಡೆಗೆ ಇಂಗ್ಲಿಷಿಗೆ ದಾರಿ ತೋರಿಸುತ್ತದೆ.

ಲಿಂಗದ ವಿಷಯದಲ್ಲಿ ಕನ್ನಡವೇ ಗುರು. ಕನ್ನಡದಲ್ಲಿ ಗಂಡಸು ಪುಲ್ಲಿಂಗ, ಹೆಂಗಸು ಸ್ತ್ರೀಲಿಂಗ, ಉಳಿದದ್ದು ನಪುಂಸಕಲಿಂಗ. ಅರ್ಥ ನೋಡಿ ಲಿಂಗ ಹೇಳಬಹುದು. ಇಂಗ್ಲಿಷಿನಲ್ಲಿಯೂ ಹೆಚ್ಚುಕಡಿಮೆ ಹಾಗೆಯೇ: ಹಿ, ಶಿ, ಇಟ್. ಗುಜರಾತಿಯಲ್ಲಿ ಹಾಗಲ್ಲ. ಒಳ್ಳೆಯ ಹುಡುಗ ‘ಸಾರೋ ಛೋಕರೋ’, ಒಳ್ಳೆಯ ಹುಡುಗಿ ‘ಸಾರೀ ಛೋಕರೀ’ ಎನ್ನುವುದು ಸರಿಯೇ. ಆದರೆ ಪುಸ್ತಕಕ್ಕೆ ‘ಚೋಪಡೀ’ ಎಂದರೆ ಅದು ಸ್ತ್ರೀಲಿಂಗ, ‘ಸಾರೀ ಚೋಪಡೀ’. ಅದೇ ವಸ್ತುವಿಗೆ ‘ಪುಸ್ತಕ’ ಎಂದರೆ ನಪುಂಸಕ, ‘ಸಾರುಂ ಪುಸ್ತಕ’! ಇಲ್ಲಿ ಹತ್ತು ವರ್ಷ ಕಳೆದರೂ ನಾನು ಕಾಯಿಪಲ್ಲೆಯ ಗಾಡಿಯ ಮುಂದೆ ಲಿಂಗ ತಪ್ಪಿ ನಗೆಗೀಡಾಗುತ್ತೇನೆ. ಇಂಗ್ಲಿಷಿನಲ್ಲಿ ಈ ಗೋಳಿಲ್ಲ.

ಸಂಬಂಧಸೂಚಕ ಸರ್ವನಾಮದಲ್ಲಿ ಗುಜರಾತಿಯೇ ಗುರು. ‘ನಿನ್ನೆ ಬಂದ ಹುಡುಗ’ ಎಂದು ನಾವು ‘ಬಂದ’ ಎಂಬ ಒಂದು ಕೃದಂತದಲ್ಲಿ ಮುಗಿಸುತ್ತೇವೆ. ಇಂಗ್ಲಿಷಿನಲ್ಲಿ ‘ಹೂ’ ಎಂಬ ಕೊಂಡಿ ಹಾಕಿ ಎರಡು ವಾಕ್ಯ ಜೋಡಿಸಬೇಕು. ಗುಜರಾತಿಯಲ್ಲಿ ‘ಜೇ’ ಎಂಬ ಕೊಂಡಿ ಇದೆ; ‘ಜೇ’ ಮತ್ತು ‘ತೇ’ ಜೋಡಿಯಾಗಿ ಬರುತ್ತವೆ. ಮಗುವಿಗೆ, “ಗುಜರಾತಿ ಜೇ ಇದ್ದಲ್ಲಿ ಇಂಗ್ಲಿಷಿನ ಹೂ, ವಿಚ್ ನೆನಪು ಮಾಡಿಕೋ” ಎಂದರೆ ಕೂಡಲೇ ತಿಳಿಯುತ್ತದೆ.

ಎರಡೂ ಕೈಕೊಡುವ ಜಾಗಗಳೂ ಇವೆ. ಮೊದಲನೆಯದು ‘ಹ್ಯಾವ್’. ನನಗೆ ಇಬ್ಬರು ಮಕ್ಕಳಿದ್ದಾರೆ ಎಂದು ನಾವು ಚತುರ್ಥೀ ವಿಭಕ್ತಿಯಲ್ಲಿ ಹೇಳುತ್ತೇವೆ. ಗುಜರಾತಿಯವರೂ ‘ಮಾರೇ’ ಎಂದು ಹೇಳಿ ‘ಛೇ’ ಎಂದು ಮುಗಿಸುತ್ತಾರೆ. ಎರಡರಲ್ಲಿಯೂ ಇರುವುದು ‘ಇರು’ ಎಂಬ ಕ್ರಿಯೆಯೇ ಹೊರತು ‘ಹೊಂದು’ ಎಂಬ ಕ್ರಿಯೆಯಲ್ಲ. ಇಂಗ್ಲಿಷಿನಲ್ಲಿ ಮಾತ್ರ ನಾನು ಕರ್ತೃವಾಗಿ ಮಕ್ಕಳನ್ನು ‘ಹ್ಯಾವ್’ ಮಾಡಬೇಕು. ‘ಐ ಆಮ್ ಹ್ಯಾವಿಂಗ್ ಟೂ ಚಿಲ್ಡ್ರನ್’ ಎಂಬ ನಮ್ಮ ಪ್ರಸಿದ್ಧ ವಾಕ್ಯ ಹುಟ್ಟುವುದು ಈ ಗೊಂದಲದಲ್ಲಿ. ಒಡೆತನ, ತಿಳಿವು, ಇಷ್ಟ ಇವುಗಳಿಗೆ ‘ಇಂಗ್’ ಹಚ್ಚಬಾರದೆಂದು ಮಕ್ಕಳಿಗೆ ಒಮ್ಮೆ ಹೇಳಿದರೆ ಸಾಕು.

ಎರಡನೆಯದು ಆರ್ಟಿಕಲ್. ಶಾಲೆಯ ಪುಸ್ತಕಗಳು ಇದಕ್ಕೆ ‘ಉಪಪದ’ ಎನ್ನುತ್ತವೆ. ನಮ್ಮಲ್ಲಿ ‘ಎ’, ‘ದಿ’ ಎರಡೂ ಇಲ್ಲ. ಆದರೂ ಆ ಭಾವನೆ ಇಲ್ಲವೆಂದಲ್ಲ. ‘ಪುಸ್ತಕ ತಾ’ ಎಂದರೆ ಯಾವುದಾದರೂ ಪುಸ್ತಕ. ‘ಪುಸ್ತಕವನ್ನು ತಾ’ ಎಂದರೆ ನಿನಗೂ ನನಗೂ ಗೊತ್ತಿರುವ ಆ ಪುಸ್ತಕ ಎಂಬ ಛಾಯೆ ಬರುತ್ತದೆ. ದ್ವಿತೀಯಾ ವಿಭಕ್ತಿ ಇಲ್ಲಿ ಸದ್ದಿಲ್ಲದೆ ‘ದಿ’ಯ ಕೆಲಸ ಮಾಡುತ್ತಿದೆ. ‘ಒಬ್ಬ ಮುದುಕ ಬಂದಿದ್ದ’ ಎಂಬಲ್ಲಿಯ ‘ಒಬ್ಬ’ ಇಂಗ್ಲಿಷಿನ ‘ಎ’. ಮಕ್ಕಳು ಇದನ್ನು ಕೇಳಿ ಹಿಗ್ಗುತ್ತಾರೆ.

ಇನ್ನು ಪ್ರಯೋಗ. ಕರ್ತರಿ, ಕರ್ಮಣಿ ಎಂಬ ಹೆಸರುಗಳು ಕನ್ನಡ ಗುಜರಾತಿ ಎರಡರಲ್ಲಿಯೂ ಒಂದೇ. ‘ರಾಮನಿಂದ ರಾವಣನು ಕೊಲ್ಲಲ್ಪಟ್ಟನು’ ಎಂದು ಪರೀಕ್ಷೆಯಲ್ಲಿ ಬರೆಯುತ್ತೇವೆಯೇ ಹೊರತು ಹಾಗೆ ಮನೆಯಲ್ಲಿ ಯಾರೂ ಮಾತಾಡುವುದಿಲ್ಲ. ಆದರೆ ಕಚೇರಿಯ ಇಂಗ್ಲಿಷಿಗೆ ಕರ್ಮಣಿಯೇ ಪ್ರಾಣ. ‘ಇಟ್ ಹ್ಯಾಸ್ ಬೀನ್ ಡಿಸೈಡೆಡ್’ ಎಂದರೆ ತೀರ್ಮಾನವಾಯಿತು, ಯಾರು ಮಾಡಿದರೆಂದು ಕೇಳಬೇಡಿ ಎಂದು ಅರ್ಥ! ಕರ್ತೃವನ್ನು ಬಚ್ಚಿಡಲು ಅದಕ್ಕಿಂತ ಒಳ್ಳೆಯ ಉಪಾಯವಿಲ್ಲ. ನಾನೂ ಆ ಪಿಂಚಣಿಯ ಸ್ಪಷ್ಟೀಕರಣದಲ್ಲಿ, ತಪ್ಪಾಗಿದೆ ಎಂದು ಕರ್ಮಣಿಯಲ್ಲಿಯೇ ಬರೆದೆ. ತಪ್ಪು ಮಾಡಿದೆನೆಂದು ಕರ್ತರಿಯಲ್ಲಿ ಬರೆಯಲಿಲ್ಲ. ಇಂದು ಇಲ್ಲಿ ಬರೆದಿದ್ದೇನೆ.

ಸಾಹಿತ್ಯದ ಹೆಸರುಗಳು

ದೊಡ್ಡ ಇಯತ್ತೆಗೆ ಹೋದಂತೆ ಸಿಮಿಲಿ, ಮೆಟಫರ್ ಮೊದಲಾದವು ಬರುತ್ತವೆ. ಇಲ್ಲಿ ನಮಗೆ ಹೆದರಿಕೆಯೇ ಬೇಡ. ಸಿಮಿಲಿ ಎಂದರೆ ಉಪಮೆ, ಮೆಟಫರ್ ಎಂದರೆ ರೂಪಕ. ‘ಹಾಗೆ, ಅಂತೆ’ ಇದ್ದರೆ ಉಪಮೆ, ಬಿಟ್ಟುಹೋದರೆ ರೂಪಕ. ಮುಖ ತಾವರೆಯಂತಿದೆ ಎಂಬುದು ಉಪಮೆ. ಮುಖಕಮಲ ಎಂಬುದು ರೂಪಕ. ಕನ್ನಡದಲ್ಲಿ ನಮಗೆ ಸಿಕ್ಕಿರುವ ಅತ್ಯಂತ ಹಳೆಯ ಗ್ರಂಥವಾದ, ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವೇ ಅಲಂಕಾರಗಳನ್ನು ಕುರಿತದ್ದು. ಹೀಗಿರುವಾಗ ನಮ್ಮ ಮಗು ಈ ಪಾಠಕ್ಕೆ ಪರಕೀಯನಂತೆ ಕೂಡಬೇಕಾಗಿಲ್ಲ. ಪರ್ಸಾನಿಫಿಕೇಶನ್ ಎಂಬುದಕ್ಕೆ ಗುಜರಾತಿಯಲ್ಲಿ ‘ಸಜೀವಾರೋಪಣ’ ಎನ್ನುತ್ತಾರೆ. ಜೀವವಿಲ್ಲದ್ದಕ್ಕೆ ಜೀವ ಆರೋಪಿಸುವುದು. ಎಷ್ಟು ತಿಳಿಯಾದ ಶಬ್ದ! ನಾವೂ ಎರವಲು ತೆಗೆದುಕೊಂಡರೆ ಯಾರೂ ಬೇಡವೆನ್ನರು.

ರೈಮ್ ಎಂಬಲ್ಲಿ ಸ್ವಲ್ಪ ಎಚ್ಚರ ಬೇಕು. ಪ್ರಾಸವೆಂದು ಹೇಳಿಬಿಡುತ್ತೇವೆ. ಆದರೆ ನಮ್ಮ ಹಳೆಯ ಕಾವ್ಯದ ಪ್ರಾಸ ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲಿ. ಇಂಗ್ಲಿಷಿನ ರೈಮು ಸಾಲಿನ ಕೊನೆಯಲ್ಲಿ. ಆದುದರಿಂದ ‘ಅಂತ್ಯಪ್ರಾಸ’ ಎನ್ನಬೇಕು. ಆ ಎರಡನೆಯ ಅಕ್ಷರದ ಕಟ್ಟನ್ನು ಮಂಜೇಶ್ವರದ ಗೋವಿಂದ ಪೈಯವರು ೧೯೧೧ರಲ್ಲಿ ಬಿಟ್ಟುಕೊಟ್ಟದ್ದು ಹೊಸಗನ್ನಡ ಕವಿತೆಯ ಚರಿತ್ರೆಯಲ್ಲಿ ದೊಡ್ಡ ಸಂಗತಿ.

ಟ್ರಾಜಿಡಿ ಎಂಬುದಕ್ಕೆ ಬಿ.ಎಂ. ಶ್ರೀಕಂಠಯ್ಯನವರು ‘ರುದ್ರನಾಟಕ’ ಎಂಬ ಮಾತನ್ನು ಬಳಸಿದರು. ಬರಿಯ ಹೆಸರು ಕೊಟ್ಟು ಸುಮ್ಮನಾಗದೆ, ಸಾಫೊಕ್ಲಿಸನ ನಾಟಕವನ್ನು ಆಧರಿಸಿ ೧೯೨೯ರಲ್ಲಿ ‘ಅಶ್ವತ್ಥಾಮನ್’ ಬರೆದು ಆ ಹೆಸರಿಗೆ ಶರೀರವನ್ನೂ ಕೊಟ್ಟರು. ನಾಟಕವೆಂದರೆ ಮಂಗಳದಲ್ಲಿ ಮುಗಿಯಬೇಕೆಂಬ ನಮ್ಮ ಸಂಪ್ರದಾಯಕ್ಕೆ ಅದು ಹೊಸತು.

ನಾವೆಲ್ಲಿಗೆ ಕನ್ನಡ ಮತ್ತು ಮರಾಠಿಗಳು ‘ಕಾದಂಬರಿ’ ಎಂದು ಬಾಣಭಟ್ಟನ ಕಥಾನಾಯಿಕೆಯ ಹೆಸರನ್ನೇ ಇಟ್ಟವು. ಗುಜರಾತಿ ‘ನವಲಕಥಾ’ ಎಂದಿತು. ಇಂಗ್ಲಿಷಿನ ನಾದವೂ ಉಳಿಯಿತು, ಹೊಸ ಕಥೆ ಎಂಬ ಅರ್ಥವೂ ಬಂದಿತು. ಗುಜರಾತಿಯ ಮೊದಲ ನವಲಕಥೆಯೆನಿಸಿದ ‘ಕರಣ ಘೇಲೋ’ ಬರೆದ ನಂದಶಂಕರ ಮೆಹತಾ ಸೂರತ್ತಿನವರೇ. ಅದು ಅಚ್ಚಾದದ್ದು ೧೮೬೬ರಲ್ಲಿ. ನಮ್ಮ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ಬಂದದ್ದು ೧೮೯೯ರಲ್ಲಿ. ಸಾನೆಟ್ಟಿಗೆ ಕನ್ನಡದಲ್ಲಿ ಸುನೀತ, ಚತುರ್ದಶಪದಿ, ಅಷ್ಟಷಟ್ಪದಿ ಎಂದು ಹಲವು ನಾಮಕರಣಗಳಾದವು. ಗುಜರಾತಿಗೆ ೧೮೮೮ರಲ್ಲಿ ಮೊದಲ ಸಾನೆಟ್ ಕೊಟ್ಟವರು ಭರೂಚಿನ ಬಲವಂತರಾಯ ಠಾಕೋರರು. ಅಲ್ಲಿ ಹೆಸರು ಸಾನೆಟ್ ಎಂದೇ ಉಳಿಯಿತು. ಗುಜರಾತಿಯ ‘ವಾರ್ತಾ’ ಎಂದರೆ ಕಥೆ, ನಮ್ಮ ವಾರ್ತೆಯೆಂದರೆ ಸುದ್ದಿ ಎಂಬುದನ್ನೂ ಮಕ್ಕಳಿಗೆ ಹೇಳಿರಬೇಕು.

ನಾವಿರುವ ಊರುಗಳ ಪುಣ್ಯ

ಹೆಸರುಗಳನ್ನು ಕುರಿತು ಇಷ್ಟೊಂದು ಚಿಂತೆ ನನಗೊಬ್ಬನಿಗೇ ಎಂದುಕೊಂಡಿದ್ದೆ. ನೋಡಿದರೆ ನಾವು ಬಾಡಿಗೆಗಿರುವ ಈ ಊರುಗಳ ಹಿರಿಯರು ಅದನ್ನು ಎಂದೋ ಹಚ್ಚಿಕೊಂಡಿದ್ದರು. ಸೂರತ್ತಿನ ಕವಿ ನರ್ಮದ ಹುಟ್ಟಿದ್ದು ೧೮೩೩ರ ಆಗಸ್ಟ್ ೨೪ರಂದು. ಆ ದಿನವನ್ನು ಇಂದಿಗೂ ಗುಜರಾತಿ ಭಾಷಾ ದಿನವೆಂ‍ದು ಆಚರಿಸುತ್ತಾರೆ. ಅವರು ಇಪ್ಪತ್ತೈದರ ಆಸುಪಾಸಿನ ವಯಸ್ಸಿನಲ್ಲಿಯೇ, ೧೮೫೭-೫೮ರಲ್ಲಿ, ಛಂದಸ್ಸಿಗೆ ‘ಪಿಂಗಳಪ್ರವೇಶ’, ಅಲಂಕಾರಕ್ಕೆ ‘ಅಲಂಕಾರಪ್ರವೇಶ’ ಎಂಬ ಕೈಪಿಡಿಗಳನ್ನು ಬರೆದರು; ಆಮೇಲೆ ೧೮೭೩ರಲ್ಲಿ ‘ನರ್ಮಕೋಶ’ವನ್ನು ಹೊರತಂದರು. ಅಹಮದಾಬಾದಿನಲ್ಲಿ ಫಾರ್ಬ್ಸ್ ಸಾಹೇಬರು ೧೮೪೮ರಲ್ಲಿಯೇ ಗುಜರಾತ್ ವರ್ನಾಕ್ಯುಲರ್ ಸೊಸೈಟಿಯನ್ನು ಕಟ್ಟಿದ್ದರು. ನಮ್ಮ ವಡೋದರೆಯಲ್ಲಿ ಸಯಾಜಿರಾಯರ ಕಾಲದಲ್ಲಿ, ೧೯೩೧ರಲ್ಲಿ, ‘ಸಯಾಜಿ ಶಾಸನ ಶಬ್ದ ಕಲ್ಪತರು’ ಎಂಬ ಆಡಳಿತ ಪದಕೋಶ ಹೊರಬಂದಿತು. ಒಂದೊಂದು ಇಂಗ್ಲಿಷ್ ಶಬ್ದದ ಪಕ್ಕದಲ್ಲಿ ಗುಜರಾತಿ, ಮರಾಠಿ, ಸಂಸ್ಕೃತ, ಉರ್ದು ಮೊದಲಾದ ಭಾಷೆಗಳ ಸಮಾನ ಪದಗಳು! ಕಾರಕೂನನೊಬ್ಬನಿಗೆ ಇದಕ್ಕಿಂತ ಮೆಚ್ಚಿಕೆಯ ಪುಸ್ತಕ ಬೇರೆ ಯಾವುದಿದ್ದೀತು?

ಇನ್ನೂ ಹಿಂದೆ ಹೋದರೆ, ಹನ್ನೆರಡನೆಯ ಶತಮಾನದಲ್ಲಿ ಪಾಟಣದ ಸಿದ್ಧರಾಜನ ಆಸ್ಥಾನದಲ್ಲಿ ಹೇಮಚಂದ್ರಾಚಾರ್ಯರು ‘ಸಿದ್ಧಹೇಮ’ ವ್ಯಾಕರಣ ಬರೆದಾಗ ಗ್ರಂಥವನ್ನು ಆನೆಯ ಮೇಲಿಟ್ಟು ಮೆರವಣಿಗೆ ಮಾಡಿದರೆಂದು ಇಲ್ಲಿಯ ಜನ ಅಭಿಮಾನದಿಂದ ಹೇಳುತ್ತಾರೆ. ಆ ವ್ಯಾಕರಣಕ್ಕೆ ಆಚಾರ್ಯರು ಬಹಳವಾಗಿ ಬಳಸಿಕೊಂಡದ್ದು ಶಾಕಟಾಯನನ ವ್ಯಾಕರಣವನ್ನು. ಆ ಶಾಕಟಾಯನನೋ, ನಮ್ಮ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದವನು. ತನ್ನ ವೃತ್ತಿಗೆ ‘ಅಮೋಘವೃತ್ತಿ’ ಎಂದೇ ಹೆಸರಿಟ್ಟವನು. ವಡೋದರಾ ಎಂಬ ಊರಿನ ಹೆಸರು ಮೊದಲು ಕಾಣುವುದೂ ಗುಜರಾತಿನ ರಾಷ್ಟ್ರಕೂಟ ಶಾಖೆಯ ಕರ್ಕನು ೮೧೨ರಲ್ಲಿ ಹೊರಡಿಸಿದ ತಾಮ್ರಶಾಸನದಲ್ಲಿ, ‘ವಡಪದ್ರಕ’ ಎಂದು. ವ್ಯಾಕರಣವೂ ನಮ್ಮಂತೆಯೇ ಊರು ಬಿಟ್ಟು ಊರಿಗೆ ಬಂದು ಬದುಕುತ್ತದೆ ಎಂದು ಇದನ್ನೋದಿದಾಗ ನನಗೆ ಅನಿಸಿತು.

ಮನೆಯಲ್ಲಿ ಮಾಡಬಹುದಾದದ್ದು

ಇದೆಲ್ಲ ಆದ ಮೇಲೆ ನಮ್ಮ ಮನೆಯಲ್ಲಿ ಒಂದು ದಪ್ಪ ನೋಟುಬುಕ್ಕು ತಂದೆವು. ಪ್ರತಿ ಪುಟಕ್ಕೆ ಮೂರು ಗೆರೆ, ನಾಲ್ಕು ಕಾಲಮ್ಮು. ಮೊದಲನೆಯದರಲ್ಲಿ ಇಂಗ್ಲಿಷ್ ಹೆಸರು, ಎರಡನೆಯದರಲ್ಲಿ ಗುಜರಾತಿ, ಮೂರನೆಯದರಲ್ಲಿ ಕನ್ನಡ. ನಾಲ್ಕನೆಯದು ದೊಡ್ಡದು; ಅದರಲ್ಲಿ ನಮ್ಮದೇ ಮನೆಯ ಮಾತಿನ ಒಂದು ಉದಾಹರಣೆ. ಇಂಗ್ಲಿಷನ್ನು ಮಗಳು ಬರೆಯುತ್ತಾಳೆ, ಗುಜರಾತಿಯನ್ನು ಅವಳೂ ನೆರೆಮನೆಯ ಗೆಳತಿಯೂ ಸೇರಿ ಬರೆಯುತ್ತಾರೆ, ಕನ್ನಡ ನನ್ನ ಪಾಲು. ಉದಾಹರಣೆ ಕೊಡುವವರು ಅವ್ವ. ದಿನಕ್ಕೆ ಒಂದೇ ಶಬ್ದ. ಹೆಚ್ಚು ಮಾಡಿದರೆ ಯಾರಿಗೂ ರುಚಿಸುವುದಿಲ್ಲ.

ಇದರಿಂದ ಮಗಳ ಇಂಗ್ಲಿಷು ಎಷ್ಟು ಸುಧಾರಿಸಿತೆಂದು ಕೇಳಿದರೆ, ಕೆಂಪು ಗೆರೆಗಳು ಕಡಿಮೆಯಾಗಿವೆ, ನಿಂತಿಲ್ಲ. ಆದರೆ ನಾನು ಎಣಿಸದಿದ್ದ ಲಾಭವೊಂದು ಆಯಿತು. ಇಷ್ಟು ದಿನ ಮೊಮ್ಮಗಳಿಗೂ ಅವ್ವನಿಗೂ ನಡುವೆ ಊಟವಾಯಿತೇ, ನಿದ್ದೆ ಬಂತೇ ಎಂಬುದರ ಆಚೆಗೆ ಮಾತು ಹೋಗುತ್ತಿರಲಿಲ್ಲ. ತನಗೆ ಗೊತ್ತಿರುವ ಯಾವುದೂ ಈ ಊರಿನಲ್ಲಿ, ಈ ಶಾಲೆಗೆ ಉಪಯೋಗವಿಲ್ಲವೆಂದು ಅವ್ವ ತಿಳಿದಿದ್ದರು. ಈಗ ಸಂಜೆಯಾದರೆ ಮಗಳು, “ಆಯೀ, ಇವತ್ತಿನ ಉದಾಹರಣೆ ಹೇಳು” ಎಂದು ಹೋಗಿ ಮಗ್ಗುಲಲ್ಲಿ ಕೂಡುತ್ತಾಳೆ. ಮೊನ್ನೆ ‘ಪ್ರೊನೌನ್’ ಬಂದಿತ್ತು. ಗುಜರಾತಿಯಲ್ಲಿ ‘ನಾವು’ ಎಂಬುದಕ್ಕೆ ಎರಡು ಶಬ್ದ: ಕೇಳುವವರನ್ನು ಬಿಟ್ಟು ಹೇಳುವ ‘ಅಮೇ’, ಅವರನ್ನೂ ಸೇರಿಸಿಕೊಂಡು ಹೇಳುವ ‘ಆಪಣೇ’. ಕನ್ನಡಕ್ಕೂ ಇಂಗ್ಲಿಷಿಗೂ ಒಂದೊಂದೇ. ಮಗಳು ಇದನ್ನು ವಿವರಿಸಿದಾಗ ಅವ್ವ ಸ್ವಲ್ಪ ಯೋಚಿಸಿ, “ಎದುರುಮನಿ ಬಾ ನನಗ ಯಾವಾಗಲೂ ಆಪಣೇ ಅಂತಾಳಲ್ಲ, ಹಂಗಾದ್ರ ಒಳಗ ಸೇರಿಸ್ಕೊಂಡಾಳ ಅಂದಂಗಾತು” ಎಂದರು. ಆ ದಿನದ ಉದಾಹರಣೆ ಅದೇ ಆಯಿತು.

ನಾನು ವೈಯಾಕರಣನಲ್ಲ. ಇಲ್ಲಿ ಕೊಟ್ಟ ಕನ್ನಡದ ಹೆಸರುಗಳಿಗಿಂತ ಒಳ್ಳೆಯವು ವಾಚಕರಲ್ಲಿ ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ಸಂಪಾದಕರಿಗೆ ಬರೆದು ಕಳುಹಿಸಿರಿ. ಮುಖ್ಯವಾಗಿ, ಪ್ರಿಪೊಸಿಷನ್ನಿಗೆ ಒಂದು ಚಿಕ್ಕ ಚೊಕ್ಕ ಕನ್ನಡ ಶಬ್ದ ಬೇಕಾಗಿದೆ. ಸಿಕ್ಕರೆ ನಮ್ಮ ನೋಟುಬುಕ್ಕಿನ ಮೂರನೆಯ ಕಾಲಮ್ಮಿನಲ್ಲಿ ಬರೆದುಕೊಳ್ಳುತ್ತೇವೆ. ಅಲ್ಲಿಯವರೆಗೆ ಅವ್ವನ ಮಾತೇ ನಡೆಯಲಿ.